ಫ್ರೆಂಚರ ಊಟದ ಮೇಜು

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತಾ ಬಂದವರು. ಆದರೆ ಅದೇ ಹಿರಿಯರು ಊಟಕ್ಕೆ ಕೂತಾಗ ಮಾತ್ರ, 'ಉಣ್ಣುವಾಗ ಮಾತು ಬೇಡ, ಸುಮ್ಮನೆ ಉಣ್ಣು' ಎಂದು ಗದರುತ್ತಿದ್ದರು. ಊಟವನ್ನೂ ಮಾತನ್ನೂ ಒಟ್ಟಿಗೇ ಬಡಿಸುವ ಜನರೊಬ್ಬರಿದ್ದಾರೆ. ಅವರೇ ಫ್ರೆಂಚರು. ಪ್ರಿಯ ಓದುಗರೇ, ಈ ಸಲ ಅವರ ಮನೆಯ ಊಟದ ಮೇಜಿನ ಬಳಿ ಸ್ವಲ್ಪ ಹೊತ್ತು ಕೂತು ಬರೋಣ.

ಈ ವಿಚಾರ ನಮಗೆ ಹೊಳೆದದ್ದು ನಮ್ಮ ಧರ್ಮಕೇಂದ್ರದವರೇ ಆದ ಒಬ್ಬ ಸಿಸ್ಟರ್ ರಜೆಗೆಂದು ಊರಿಗೆ ಬಂದಾಗ. ಅವರು ಫ್ರಾನ್ಸಿನ ಪಶ್ಚಿಮ ತುದಿಯಲ್ಲಿರುವ ಬ್ರಿಟನಿ ಪ್ರಾಂತದ ಒಂದು ವೃದ್ಧಾಶ್ರಮದಲ್ಲಿ ಸೇವೆ ಮಾಡುತ್ತಿದ್ದಾರೆ. 'ಅಲ್ಲಿ ಊಟ ಹೇಗೆ ಸಿಸ್ಟರ್?' ಎಂದು ಕೇಳಿದೆವು. ಖಾರವಿಲ್ಲ, ಅನ್ನ ಸಿಗುವುದಿಲ್ಲ ಎಂಬ ದೂರು ಬರಬಹುದೆಂದು ಕಾದಿದ್ದೆವು. ಅವರು ನಕ್ಕು, 'ಅಲ್ಲಿ ಏನು ತಿಂದೆ ಅಂತ ಆಮೇಲೆ ಕೇಳುತ್ತಾರೆ. ಯಾರ ಜೊತೆ ತಿಂದೆ ಅಂತ ಮೊದಲು ಕೇಳುತ್ತಾರೆ' ಎಂದರು. ಆ ಮಾತು ನಮ್ಮ ಮನಸ್ಸಿನಲ್ಲೇ ಉಳಿಯಿತು.

ಫ್ರೆಂಚರು ನಮಗೆ ಪೂರ್ತಿ ಹೊರಗಿನವರೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಯಲ್ಲೂ ಕೊಯಮತ್ತೂರು, ನೀಲಗಿರಿ ಕಡೆಗೂ ದುಡಿದ ಗುರುಗಳಲ್ಲಿ ಅನೇಕರು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯವರು. ಅವರಿಗೂ ಮುಂಚೆ ಮೈಸೂರು ಸೀಮೆಗೆ ಬಂದ ಅಬ್ಬೆ ದ್ಯುಬ್ವಾ ಉಡುಗೆಯಲ್ಲೂ ನಡೆನುಡಿಯಲ್ಲೂ ಇಲ್ಲಿಯವರಂತೆಯೇ ಬಾಳಿ, 1823ರಲ್ಲಿ ತಾಯ್ನಾಡಿಗೆ ಮರಳಿದರು. ನಮ್ಮ ಜನ ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು. ಅವರು ನಮ್ಮ ಮನೆಯ ಜಗಲಿಯ ಮೇಲೆ ಕೂತವರು. ನಾವು ಅವರ ಮನೆಯೊಳಗೆ ಒಮ್ಮೆ ಇಣುಕಿದರೆ ತಪ್ಪೇನಿಲ್ಲ.

ರೊಟ್ಟಿಯಿಂದ ಶುರು

ಫ್ರೆಂಚರ ದಿನ ಆರಂಭವಾಗುವುದು ಬೆಳಗಿನ ರೊಟ್ಟಿಯಿಂದ. ನಮ್ಮ ಜೋಳದ ರೊಟ್ಟಿ, ಅಕ್ಕಿ ರೊಟ್ಟಿಯಲ್ಲ. ಉದ್ದನೆಯ ದೊಣ್ಣೆಯಂತಿರುವ 'ಬಗೆತ್'. ತೂಕ ಸುಮಾರು 250 ಗ್ರಾಂ, ಬೆಲೆ ಸುಮಾರು ಒಂದು ಯೂರೊ. ಮೇಲೆ ಗರಿಗರಿ, ಒಳಗೆ ಮೆತ್ತಗೆ. ಅದನ್ನು ಉದ್ದಕ್ಕೆ ಸೀಳಿ, ಬೆಣ್ಣೆಯನ್ನೂ ಹಣ್ಣಿನ ಜಾಮನ್ನೂ ಸವರಿ, ದೊಡ್ಡ ಬಟ್ಟಲಿನಲ್ಲಿ ಹಾಲು ಬೆರೆಸಿದ ಕಾಫಿ ಇಟ್ಟುಕೊಂಡು ಅದರಲ್ಲಿ ಅದ್ದಿ ಅದ್ದಿ ತಿನ್ನುತ್ತಾರೆ. ನಾವು ಬನ್ನನ್ನು ಕಾಫಿಯಲ್ಲಿ ಅದ್ದಿ ತಿಂದರೆ ಮಕ್ಕಳು ನಗುತ್ತಾರೆ. ಅಲ್ಲಿ ಅಜ್ಜಂದಿರು ಇಂದಿಗೂ ಹಾಗೆಯೇ ತಿನ್ನುತ್ತಾರಂತೆ. ಬೆಣ್ಣೆಯ ಪದರ ಪದರವಾದ ಕ್ರುವಾಸಾಂ ಹೆಚ್ಚಾಗಿ ಭಾನುವಾರದ, ರಜಾದಿನದ ತಿಂಡಿ.

ಬಗೆತ್ ಮರುದಿನಕ್ಕೆ ಕಲ್ಲಾಗುತ್ತದೆ. ಆದ್ದರಿಂದ ದಿನವೂ ಹೊಸದನ್ನೇ ತರಬೇಕು. ಸಂಜೆ ಕೆಲಸ ಮುಗಿಸಿ ರೊಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುವವರು ದಾರಿಯಲ್ಲೇ ಅದರ ತುದಿಯನ್ನು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಮನೆ ಸೇರುವಾಗ ತುದಿಯಿಲ್ಲದ ರೊಟ್ಟಿ ಬರುವುದು ಅಲ್ಲಿ ಮಾಮೂಲು.

ಈ ರೊಟ್ಟಿಗೆ ಕಾನೂನಿನ ಕಾವಲೂ ಇದೆ. 1993ರ ಸರ್ಕಾರಿ ಆದೇಶದ ಪ್ರಕಾರ 'ಫ್ರೆಂಚ್ ಸಂಪ್ರದಾಯದ ರೊಟ್ಟಿ' ಎಂದು ಹೆಸರಿಟ್ಟು ಮಾರಬೇಕಾದರೆ ಅದರ ಹಿಟ್ಟನ್ನು ಹೆಪ್ಪುಗಟ್ಟಿಸಿ ಇಟ್ಟಿರಬಾರದು, ಕೆಡದಂತೆ ಇಡುವ ರಾಸಾಯನಿಕಗಳನ್ನು ಸೇರಿಸಬಾರದು. ಗೋಧಿ ಹಿಟ್ಟು, ನೀರು, ಉಪ್ಪು, ಹುದುಗು ಇವೇ ಮುಖ್ಯ. 1998ರಲ್ಲಿ ಇನ್ನೊಂದು ಕಾನೂನು ಬಂತು. ಹಿಟ್ಟು ನಾದುವುದು, ರೊಟ್ಟಿ ಕಟ್ಟುವುದು, ಸುಡುವುದು ಎಲ್ಲವನ್ನೂ ತನ್ನಲ್ಲೇ ಮಾಡುವ ಅಂಗಡಿ ಮಾತ್ರ 'ಬುಲಾಂಜರಿ' ಎಂದು ಬೋರ್ಡು ಹಾಕಬಹುದು. 2022ರಲ್ಲಿ ಬಗೆತ್ ಮಾಡುವ ಕುಶಲತೆ ಯುನೆಸ್ಕೋದ ಪಟ್ಟಿಯನ್ನೂ ಸೇರಿತು.

ರೊಟ್ಟಿಗೆ ಇಷ್ಟು ಮರ್ಯಾದೆ ಏಕೆ? ಹಸಿವಿನ ನೆನಪು ದೊಡ್ಡದು. 1789ರ ಅಕ್ಟೋಬರ್ 5ರಂದು ಪ್ಯಾರಿಸ್ಸಿನ ಸಾವಿರಾರು ಹೆಂಗಸರು ರೊಟ್ಟಿಯ ಅಭಾವ ತಾಳಲಾರದೆ ಮಳೆಯಲ್ಲಿ ನಡೆದುಕೊಂಡು ವರ್ಸೇಲ್ಸ್ ಅರಮನೆಗೆ ಹೋದರು. ಮರುದಿನ ರಾಜನನ್ನೇ ಪ್ಯಾರಿಸ್ಸಿಗೆ ಕರೆತಂದರು. ಫ್ರೆಂಚ್ ಮಹಾಕ್ರಾಂತಿಯ ಕತೆಯಲ್ಲಿ ಅಡುಗೆಮನೆಯ ಹೆಂಗಸರ ಪಾತ್ರ ಸಣ್ಣದೇನಲ್ಲ.

ಹಳೆಯ ಕಾಲದ ಮನೆಗಳಲ್ಲಿ ಹೊಸ ರೊಟ್ಟಿ ಕತ್ತರಿಸುವ ಮೊದಲು ಚಾಕುವಿನ ತುದಿಯಿಂದ ಅದರ ಮೇಲೆ ಶಿಲುಬೆಯ ಗುರುತು ಎಳೆಯುವ ಪದ್ಧತಿ ಇತ್ತು. ರೊಟ್ಟಿಯನ್ನು ಬೋರಲಾಗಿ ಇಡಬಾರದೆಂಬ ನಂಬಿಕೆ ಈಗಲೂ ಇದೆ. ಹಿಂದೆ ತಲೆ ಕಡಿಯುವವನ ಪಾಲಿನ ರೊಟ್ಟಿಯನ್ನು ಅಂಗಡಿಯವರು ಬೋರಲು ಹಾಕಿಡುತ್ತಿದ್ದರು, ಅದಕ್ಕೇ ಅದು ಅಪಶಕುನ ಎಂದು ಕತೆ ಹೇಳುತ್ತಾರೆ. ಇನ್ನು ಗೆಳೆಯನಿಗೆ ಅವರು ಹೇಳುವ ಮಾತು 'ಕೊಪ್ಯಾಂ'. ಲ್ಯಾಟಿನ್ ಮೂಲದಿಂದ ಬಂದ ಈ ಮಾತಿನ ಅರ್ಥ 'ಜೊತೆಗೆ ರೊಟ್ಟಿ ಹಂಚಿಕೊಂಡು ತಿನ್ನುವವನು'. ಹಣ ಹಂಚಿಕೊಂಡವನೂ ಅಲ್ಲ, ಗುಟ್ಟು ಹಂಚಿಕೊಂಡವನೂ ಅಲ್ಲ. ರೊಟ್ಟಿ ಹಂಚಿಕೊಂಡವನೇ ಗೆಳೆಯ.

ಗಂಟೆ ಹೊಡೆದಾಗ ಊಟ

ಮಧ್ಯಾಹ್ನ ಹನ್ನೆರಡು, ಹನ್ನೆರಡೂವರೆಗೆ ಊಟದ ಹೊತ್ತು. ಸಣ್ಣ ಊರುಗಳಲ್ಲಿ ಅಂಗಡಿಗಳೂ ಬಾಗಿಲು ಹಾಕುತ್ತವೆ. ರಾತ್ರಿಯೂಟ ಏಳೂವರೆ, ಎಂಟಕ್ಕೆ. ನಡುವೆ ಸಿಕ್ಕಸಿಕ್ಕದ್ದನ್ನು ಬಾಯಾಡಿಸುವ ಅಭ್ಯಾಸ ಕಡಿಮೆ. ಮಕ್ಕಳಿಗೆ ಮಾತ್ರ ಸಂಜೆ ನಾಲ್ಕೂವರೆಯ ಹೊತ್ತಿಗೆ 'ಗೂತೆ' ಎಂಬ ತಿಂಡಿ ಉಂಟು: ಒಂದು ತುಂಡು ರೊಟ್ಟಿ, ಜೊತೆಗೆ ಚಾಕೊಲೇಟ್ ಅಥವಾ ಹಣ್ಣು. ಅದು ಮುಗಿದರೆ ರಾತ್ರಿಯೂಟದವರೆಗೆ ಡಬ್ಬಿಗೆ ಕೈ ಹಾಕುವಂತಿಲ್ಲ.

ಊಟ ಒಂದೇ ತಟ್ಟೆಯಲ್ಲಿ ಒಟ್ಟಿಗೆ ಬರುವುದಿಲ್ಲ. ಮೊದಲು ಹಸಿ ತರಕಾರಿಯೋ ಸೂಪೋ. ಆಮೇಲೆ ಮಾಂಸ ಅಥವಾ ಮೀನು, ಜೊತೆಗೆ ಬೇಯಿಸಿದ ತರಕಾರಿ. ಅದಾದ ಮೇಲೆ ಚೀಸ್. ಕೊನೆಗೆ ಹಣ್ಣು ಅಥವಾ ಸಿಹಿ. ಸಾಮಾನ್ಯ ದಿನಗಳಲ್ಲಿ ಇದು ಸರಳವಾಗಿಯೇ ಇರುತ್ತದೆ: ನಾಲ್ಕು ಹೋಳು ಟೊಮೆಟೊ, ಒಂದು ತುಂಡು ಕೋಳಿ, ಒಂದು ಚೂರು ಚೀಸ್, ಒಂದು ಸೇಬು. ಆದರೆ ಒಂದಾದ ಮೇಲೆ ಒಂದು ಬರುವುದರಿಂದ ಯಾರೂ ಐದೇ ನಿಮಿಷದಲ್ಲಿ ಎದ್ದುಹೋಗಲು ಆಗುವುದಿಲ್ಲ. ಮುಂದಿನ ತಟ್ಟೆಗೆ ಕಾಯುವಾಗ ಮಾತಾಡಲೇಬೇಕು. ಫ್ರೆಂಚರು ದಿನಕ್ಕೆ ಸರಾಸರಿ ಎರಡು ಗಂಟೆಗೂ ಹೆಚ್ಚು ಹೊತ್ತನ್ನು ಊಟ, ಪಾನೀಯಕ್ಕೆ ಕೊಡುತ್ತಾರೆಂದು ಅಂತಾರಾಷ್ಟ್ರೀಯ ಸಮೀಕ್ಷೆಗಳು ಹೇಳಿವೆ.

ಮೇಜಿನ ರೀತಿನೀತಿಗಳೂ ಹಲವು. ಮನೆಯೊಡತಿ ಚಮಚ ಎತ್ತುವವರೆಗೆ ಅತಿಥಿಗಳು ಶುರು ಮಾಡುವುದಿಲ್ಲ. ಕೈಗಳು ಮೇಜಿನ ಮೇಲೆ ಕಾಣುವಂತಿರಬೇಕು, ಮೊಣಕೈ ಮಾತ್ರ ಊರಬಾರದು. ರೊಟ್ಟಿಗೆ ಬೇರೆ ತಟ್ಟೆ ಇಲ್ಲದಿದ್ದರೆ ಮೇಜಿನ ಬಟ್ಟೆಯ ಮೇಲೆಯೇ ಇಡುತ್ತಾರೆ. ನಮಗೆ ತುಂಬ ಹಿಡಿಸಿದ್ದು ಚೀಸ್ ಕತ್ತರಿಸುವ ನಿಯಮ. ತ್ರಿಕೋನದ ಚೀಸ್ ತುಂಡು ಮೇಜಿಗೆ ಬಂದಾಗ ಅದರ ಚೂಪಾದ ಮೂಗನ್ನು ಅಡ್ಡಕ್ಕೆ ಕತ್ತರಿಸಿ ತೆಗೆದುಕೊಳ್ಳುವುದು ದೊಡ್ಡ ತಪ್ಪು. ಏಕೆಂದರೆ ರುಚಿಯ ಭಾಗ ಆ ನಡುವಿನ ತುದಿಯಲ್ಲೇ ಇರುತ್ತದೆ. ಅದನ್ನು ಒಬ್ಬನೇ ತೆಗೆದುಕೊಂಡರೆ ಉಳಿದವರಿಗೆ ಬರೀ ಸಿಪ್ಪೆ. ಉದ್ದಕ್ಕೆ ಕತ್ತರಿಸಿದರೆ ಎಲ್ಲರಿಗೂ ತುದಿಯೂ ಸಿಗುತ್ತದೆ, ಸಿಪ್ಪೆಯೂ ಸಿಗುತ್ತದೆ. ಮಕ್ಕಳಿಗೆ ನ್ಯಾಯವೆಂದರೇನು ಎಂದು ಕಲಿಸಲು ಇದಕ್ಕಿಂತ ಸುಲಭದ ಪಾಠ ಬೇಕೇ?

ಇಂಥ ಪಾಠ ಶಾಲೆಯಲ್ಲೂ ಮುಂದುವರಿಯುತ್ತದೆ. ಶಾಲೆಯ ಮಧ್ಯಾಹ್ನದ ಊಟದಲ್ಲೂ ನಾಲ್ಕೈದು ಬಗೆ ಇರುತ್ತವೆ. ವಾರದ ಅಡುಗೆಯ ಪಟ್ಟಿಯನ್ನು ಪೋಷಕರು ಓದಲೆಂದು ಅಂಟಿಸುತ್ತಾರೆ. 2011ರ ನಿಯಮದ ಪ್ರಕಾರ ಉಪ್ಪು, ಸಾಸ್‌ಗಳನ್ನು ಮಕ್ಕಳು ತಾವೇ ಬೇಕಾದಷ್ಟು ಹಾಕಿಕೊಳ್ಳುವಂತಿಲ್ಲ. ನೀರು, ರೊಟ್ಟಿಗೆ ಮಾತ್ರ ತಡೆಯಿಲ್ಲ. ತಂಪು ಪಾನೀಯ, ಕುರುಕಲು ಮಾರುವ ಯಂತ್ರಗಳನ್ನು 2005ರಲ್ಲೇ ಶಾಲೆಗಳಿಂದ ಹೊರಗೆ ಹಾಕಿದರು. ಶುಕ್ರವಾರ ಮೀನು ಬಡಿಸುವ ರೂಢಿ ಇಂದಿಗೂ ಎಷ್ಟೋ ಶಾಲೆಗಳಲ್ಲಿ ಉಳಿದಿದೆ. ಅದು ಶುಕ್ರವಾರ ಮಾಂಸ ಬಿಡುವ ನಮ್ಮ ಧರ್ಮಸಭೆಯ ಪದ್ಧತಿಯಿಂದ ಬಂದದ್ದು. ಕಾರಣ ಮರೆತವರೂ ಮೀನನ್ನು ಬಿಟ್ಟಿಲ್ಲ!

ಹಬ್ಬ ಮತ್ತು ಬಡವನ ಪಾಲು

ಒಂದೊಂದು ಪ್ರಾಂತಕ್ಕೆ ಒಂದೊಂದು ರುಚಿ. ನಾರ್ಮಂಡಿಯಲ್ಲಿ ಕೆನೆ, ಬೆಣ್ಣೆ. ದಕ್ಷಿಣದ ಪ್ರೊವಾನ್ಸಿನಲ್ಲಿ ಆಲಿವ್ ಎಣ್ಣೆ, ಬೆಳ್ಳುಳ್ಳಿ. ಜರ್ಮನಿಯ ಗಡಿಯ ಅಲ್ಸಾಸಿನಲ್ಲಿ ಹುಳಿ ಬರಿಸಿದ ಎಲೆಕೋಸು. ಗಡಿನಾಡಿನ ಅಡುಗೆಯಲ್ಲಿ ಎರಡೂ ಕಡೆಯ ಘಮ ಇರುತ್ತದೆಂದು ನಮ್ಮಂಥ ಗಡಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಿಸ್ಟರ್ ಇರುವ ಬ್ರಿಟನಿಯಲ್ಲಿ ಕಪ್ಪು ಗೋಧಿ ಎನ್ನುವ ಧಾನ್ಯದ ಹಿಟ್ಟಿನಿಂದ ತೆಳ್ಳಗೆ ಹುಯ್ಯುವ 'ಗಾಲೆತ್' ಪ್ರಸಿದ್ಧ. 'ಮೊದಲ ದಿನ ನೋಡಿದಾಗ ರಾಗಿ ದೋಸೆ ಕಂಡಂತಾಗಿ ಕಣ್ಣು ತುಂಬಿ ಬಂತು' ಎಂದರು ಅವರು.

ಫೆಬ್ರವರಿ 2ರ ಮೇಣದಬತ್ತಿಗಳ ಹಬ್ಬದಂದು, ಅಂದರೆ ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ದಿನ, ಮನೆಮನೆಯಲ್ಲೂ ಗೋಧಿ ಹಿಟ್ಟಿನ ತೆಳು ದೋಸೆ 'ಕ್ರೆಪ್' ಹುಯ್ಯುತ್ತಾರೆ. ಒಂದು ಕೈಯಲ್ಲಿ ನಾಣ್ಯ ಹಿಡಿದುಕೊಂಡು ಇನ್ನೊಂದು ಕೈಯಿಂದ ಅದನ್ನು ಗಾಳಿಗೆ ಹಾರಿಸಿ ಮಗುಚಬೇಕು. ಸರಿಯಾಗಿ ಬಾಣಲೆಗೆ ಬಿದ್ದರೆ ವರ್ಷವೆಲ್ಲ ಕೈಯಲ್ಲಿ ಕಾಸು ಇರುತ್ತದಂತೆ. ನೆಲಕ್ಕೆ ಬಿದ್ದರೆ ನಾಯಿಗೆ ಹಬ್ಬ.

ಎಲ್ಲಕ್ಕಿಂತ ಸೊಗಸಾದದ್ದು ಜನವರಿಯ ಮೂರು ರಾಜರ ಹಬ್ಬ. ಬಾದಾಮಿ ಹೂರಣ ತುಂಬಿದ ದುಂಡನೆಯ ಪದರ ರೊಟ್ಟಿಯೊಳಗೆ ಒಂದು ಪುಟ್ಟ ಪಿಂಗಾಣಿ ಗೊಂಬೆಯನ್ನು ಅಡಗಿಸಿ ಸುಡುತ್ತಾರೆ. ಹಿಂದೆ ಗೊಂಬೆಯ ಬದಲು ಅವರೆ ಜಾತಿಯ ಕಾಳು ಇರುತ್ತಿತ್ತು. ಮನೆಯ ಅತಿ ಚಿಕ್ಕ ಮಗು ಮೇಜಿನ ಕೆಳಗೆ ಕೂರುತ್ತದೆ. ದೊಡ್ಡವರು ಒಂದೊಂದು ತುಂಡು ಕತ್ತರಿಸಿ, 'ಇದು ಯಾರಿಗೆ?' ಎಂದು ಕೇಳುತ್ತಾರೆ. ಮಗು ನೋಡದೆಯೇ ಹೆಸರು ಹೇಳುತ್ತದೆ. ಹಾಗಾಗಿ ಪಕ್ಷಪಾತವಿಲ್ಲ. ಯಾರ ತುಂಡಿನಲ್ಲಿ ಗೊಂಬೆ ಸಿಕ್ಕಿತೋ ಅವರಿಗೆ ಕಾಗದದ ಕಿರೀಟ. ಅಂದು ಅವರೇ ಮನೆಯ ರಾಜ ಅಥವಾ ರಾಣಿ. ಸಂಪ್ರದಾಯದ ಪ್ರಕಾರ ಇರುವ ತಲೆಗಳಿಗಿಂತ ಒಂದು ತುಂಡು ಹೆಚ್ಚಿಗೆ ಕತ್ತರಿಸಬೇಕು. ಅದು 'ಬಡವನ ಪಾಲು'. ಬಾಗಿಲು ತಟ್ಟಿ ಬಂದ ಮೊದಲ ಬಡವನಿಗೆ ಅದು ಸಲ್ಲಬೇಕು.

ಭಾನುವಾರದ ಮಧ್ಯಾಹ್ನದೂಟ ವಾರದ ಹಬ್ಬ. ಪೂಜೆ ಮುಗಿಸಿ ಬರುವಾಗ ಅಂಗಡಿಯಿಂದ ಸಿಹಿಯ ಡಬ್ಬಿಗೆ ದಾರ ಕಟ್ಟಿಸಿ ಹಿಡಿದುಕೊಂಡು ಬರುವುದು ಹಳೆಯ ರೂಢಿ. ಅಜ್ಜ ಅಜ್ಜಿ, ಮದುವೆಯಾದ ಮಕ್ಕಳು, ಮೊಮ್ಮಕ್ಕಳು ಸೇರಿದರೆ ಊಟ ಮೂರು ಗಂಟೆಯವರೆಗೂ ಎಳೆಯುತ್ತದೆ. ರಾಜಕೀಯದ ಜಗಳವೂ ಅಲ್ಲೇ, ರಾಜಿಯೂ ಅಲ್ಲೇ. 2010ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಯಾವುದೋ ದೊಡ್ಡ ಹೋಟೆಲಿನ ಅಡುಗೆಯನ್ನಲ್ಲ. ಹುಟ್ಟುಹಬ್ಬಕ್ಕೋ ಮದುವೆಗೋ ಜನ ಒಟ್ಟಿಗೆ ಕೂತು ಉಣ್ಣುವ ಈ ಪದ್ಧತಿಯನ್ನು.

ಖಾಲಿ ಕುರ್ಚಿಗಳು

ಇಷ್ಟನ್ನು ಓದಿ, 'ಆಹಾ, ಎಂಥ ಜನ!' ಎಂದು ಮುಗಿಸಿಬಿಟ್ಟರೆ ಅರ್ಧ ಸತ್ಯವಾದೀತು. ಆ ಮೇಜಿನಲ್ಲೂ ಬಿರುಕುಗಳಿವೆ. ದ್ರಾಕ್ಷಾರಸ ಅಲ್ಲಿಯ ಹೆಮ್ಮೆ ನಿಜ. ಆದರೆ ಮದ್ಯಪಾನದಿಂದ ಫ್ರಾನ್ಸಿನಲ್ಲಿ ವರ್ಷಕ್ಕೆ ಸುಮಾರು 41,000 ಮಂದಿ ಸಾಯುತ್ತಾರೆಂದು ಅಲ್ಲಿಯ ಆರೋಗ್ಯ ಸಂಸ್ಥೆ 2015ರ ಸಾವುಗಳನ್ನು ಲೆಕ್ಕ ಹಾಕಿ ಹೇಳಿದೆ. ಬರ್ಗರ್ ಅಂಗಡಿಗಳು ಅಲ್ಲೂ ತುಂಬಿ ತುಳುಕುತ್ತಿವೆ. ಟಿವಿಯ ಮುಂದೆ, ಫೋನ್ ನೋಡುತ್ತಾ ಉಣ್ಣುವವರು ಅಲ್ಲೂ ಇದ್ದಾರೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2003ರ ಆಗಸ್ಟ್‌ನಲ್ಲಿ. ಆಗಸ್ಟ್ ಅಲ್ಲಿ ರಜೆಯ ತಿಂಗಳು. ಮಕ್ಕಳು, ಮೊಮ್ಮಕ್ಕಳು ಸಮುದ್ರತೀರಕ್ಕೆ, ಬೆಟ್ಟಕ್ಕೆ ಹೋಗಿದ್ದರು. ವೈದ್ಯರೂ ಅನೇಕರು ರಜೆಯಲ್ಲಿದ್ದರು. ಆಗ ಹಿಂದೆಂದೂ ಕಾಣದ ಬಿಸಿಲು ಬಡಿಯಿತು. ಕೆಲವೇ ದಿನಗಳಲ್ಲಿ ಸುಮಾರು 15,000 ಮಂದಿ ಸತ್ತರು. ಹೆಚ್ಚಿನವರು ವಯಸ್ಸಾದವರು. ಎಷ್ಟೋ ಮಂದಿ ಒಬ್ಬಂಟಿಯಾಗಿ ಮುಚ್ಚಿದ ಕೋಣೆಯಲ್ಲಿ ಪ್ರಾಣ ಬಿಟ್ಟರು. ಪ್ಯಾರಿಸ್ಸಿನಲ್ಲಿ 57 ಶವಗಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ರಾಷ್ಟ್ರಾಧ್ಯಕ್ಷ ಜಾಕ್ ಶಿರಾಕ್ ಅವರ ಎದುರಿನಲ್ಲಿ ಅವರನ್ನು ಮಣ್ಣು ಮಾಡಲಾಯಿತು.

ಊಟದ ಮೇಜಿನ ಬಗ್ಗೆ ಇಷ್ಟೊಂದು ಹೆಮ್ಮೆಪಡುವ ನಾಡಿನಲ್ಲಿ ಇಷ್ಟು ಜನ ಯಾರ ಮೇಜಿಗೂ ಸೇರದವರಾಗಿದ್ದರು. ಈ ನಾಚಿಕೆ ಆ ದೇಶವನ್ನು ಬಹಳ ಕಾಡಿತು. ಮರುವರ್ಷವೇ ಕಾನೂನು ಮಾಡಿ, ದುಡಿಯುವವರು ವರ್ಷದಲ್ಲಿ ಒಂದು ದಿನ ಹೆಚ್ಚಿನ ಸಂಬಳವಿಲ್ಲದೆ ಕೆಲಸ ಮಾಡಬೇಕು, ಅದರಿಂದ ಬಂದ ಹಣ ವೃದ್ಧರ, ಅಂಗವಿಕಲರ ಆರೈಕೆಗೆ ಹೋಗಬೇಕು ಎಂದು ಗೊತ್ತುಮಾಡಿದರು. ಮೊದಲಿಗೆ ಅದಕ್ಕೆ ಆರಿಸಿದ ದಿನ ಪೆಂತೆಕೋಸ್ತ್ ಹಬ್ಬದ ಮರುದಿನದ ಸೋಮವಾರ. ರಜೆ ಹೋಯಿತೆಂದು ಗೊಣಗಿದವರೂ ಇದ್ದರು.

ಆದರೆ ಕಾನೂನಿಗೆ ಕಾಯದೆ ಮೇಜು ಹಾಕಿದವರೂ ಅಲ್ಲಿ ಕಡಿಮೆಯಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಆರ್ಮಾನ್ ಮಾರ್ಕಿಸೆ ಎಂಬವರು ಪ್ಯಾರಿಸ್ಸಿನ ಒಬ್ಬಂಟಿ ವೃದ್ಧರಿಗಾಗಿ 'ಬಡವರ ಪುಟ್ಟ ಸಹೋದರರು' ಎಂಬ ಸಂಸ್ಥೆ ಆರಂಭಿಸಿದರು. ಅದರ ಧ್ಯೇಯವಾಕ್ಯ 'ರೊಟ್ಟಿಗೆ ಮೊದಲು ಹೂವು'. ಹೊಟ್ಟೆಗೆ ಹಾಕುವ ಮೊದಲು ಮನಸ್ಸಿಗೆ ಮರ್ಯಾದೆ ಕೊಡಿ ಎಂದರ್ಥ. ಇಂದಿಗೂ ಅವರು ಕ್ರಿಸ್‌ಮಸ್ ದಿನ ಒಬ್ಬಂಟಿ ವೃದ್ಧರೊಡನೆ ಕೂತು ಊಟ ಮಾಡುತ್ತಾರೆ. 1985ರಲ್ಲಿ ಕೊಲ್ಯೂಶ್ ಎಂಬ ಹಾಸ್ಯನಟ ಚಳಿಗಾಲದಲ್ಲಿ ಹಸಿದವರಿಗೆ ಊಟ ಕೊಡಲು 'ಹೃದಯದ ಹೋಟೆಲು'ಗಳನ್ನು ತೆರೆದ. ಮರುವರ್ಷವೇ ಆತ ಅಪಘಾತದಲ್ಲಿ ತೀರಿಕೊಂಡ; ಆ ಸಂಸ್ಥೆ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಹದಿನೈದು ಕೋಟಿಗೂ ಹೆಚ್ಚು ಊಟಗಳನ್ನು ಹಂಚಿದೆ. 2016ರ ಕಾನೂನಿನ ಪ್ರಕಾರ ದೊಡ್ಡ ಅಂಗಡಿಗಳು ಮಾರಾಟವಾಗದೆ ಉಳಿದ, ತಿನ್ನಲು ಯೋಗ್ಯವಾದ ಆಹಾರವನ್ನು ಹಾಳು ಮಾಡುವಂತಿಲ್ಲ. ಇಂಥ ಸಂಸ್ಥೆಗಳಿಗೆ ಕೊಡುವ ಏರ್ಪಾಡು ಮಾಡಿಕೊಳ್ಳಬೇಕು. ಹಳೆಯ ಬಡವನ ಪಾಲಿಗೆ ಹೊಸ ಕಾನೂನಿನ ಅಂಗಿ ತೊಡಿಸಿದಂತೆ.

ಇನ್ನೊಂದು ಸಂಗತಿ. ಪ್ಯಾರಿಸ್ಸಿನ 17ನೇ ವಿಭಾಗದ ಒಂದು ವಠಾರದಲ್ಲಿ ಒಬ್ಬ ಮುದುಕಿ ಸತ್ತು ತಿಂಗಳುಗಳಾದ ಮೇಲೆ ಅಕ್ಕಪಕ್ಕದವರಿಗೆ ತಿಳಿಯಿತು. ಅದರಿಂದ ನೊಂದ ಅತನಾಸ್ ಪೆರಿಫಾನ್ ಎಂಬವರು 1999ರಲ್ಲಿ 'ನೆರೆಹೊರೆಯವರ ಹಬ್ಬ' ಶುರು ಮಾಡಿದರು. ಬೇಸಿಗೆಯ ಹೊಸ್ತಿಲಲ್ಲಿ ಒಂದು ಸಂಜೆ ಅಂಗಳಕ್ಕೆ ಮೇಜು ತರುವುದು, ಒಬ್ಬೊಬ್ಬರೂ ಒಂದೊಂದು ತಿಂಡಿ ತರುವುದು, ಹೆಸರು ಕೇಳಿ ಪರಿಚಯ ಮಾಡಿಕೊಳ್ಳುವುದು, ಇಷ್ಟೇ ಹಬ್ಬ. ಅದು ಈಗ ಫ್ರಾನ್ಸಿನಾಚೆಗೂ ಹರಡಿದೆ.

ನಮ್ಮ ಮನೆಯಲ್ಲಿ

ಇನ್ನು ನಮ್ಮ ಕಡೆಗೆ ನೋಡೋಣ. ನಮ್ಮಲ್ಲಿ ಮೇಜಿಲ್ಲದಿದ್ದರೂ ಚಾಪೆ ಇತ್ತು. ಎಲ್ಲರೂ ಸಾಲಾಗಿ ಕೂರುತ್ತಿದ್ದೆವು. ಈಗ ಮಗ ಟಿವಿಯ ಮುಂದೆ, ಮಗಳು ಮೊಬೈಲ್ ಹಿಡಿದು ಕೋಣೆಯಲ್ಲಿ, ಅಪ್ಪ ಬಂದಾಗ ಒಂಬತ್ತು ಗಂಟೆ. ಎಲ್ಲರಿಗೂ ಬಡಿಸಿದ ಅಮ್ಮ ಕೊನೆಗೆ ಒಬ್ಬಳೇ ಅಡುಗೆಮನೆಯಲ್ಲಿ. ಮನೆಯೊಂದೇ, ಊಟ ನಾಲ್ಕು. ಗಡಿಯ ನಮ್ಮ ಊರುಗಳಲ್ಲಿ ಇನ್ನೊಂದು ನೋವೂ ಇದೆ. ದುಡಿಮೆಗೆಂದು ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋದ ಮೇಲೆ ದೊಡ್ಡ ಮನೆಯಲ್ಲಿ ವಯಸ್ಸಾದ ತಂದೆ ತಾಯಿ ಇಬ್ಬರೇ, ಆಮೇಲೆ ಒಬ್ಬರೇ. ಒಬ್ಬರಿಗಾಗಿ ಒಲೆ ಹಚ್ಚುವುದೇಕೆಂದು ಬೆಳಗಿನ ಅನ್ನಕ್ಕೇ ಮಜ್ಜಿಗೆ ಕಲಸಿ ಮಲಗುವವರು ನಮ್ಮ ಧರ್ಮಕೇಂದ್ರದಲ್ಲೇ ಎಷ್ಟು ಮಂದಿ ಇದ್ದಾರೋ, ಒಮ್ಮೆ ಎಣಿಸಿ ನೋಡಬೇಕು.

ಸಿಸ್ಟರ್ ಹೊರಡುವ ಮುನ್ನ ಒಂದು ವಿಷಯ ಹೇಳಿದರು. ಅವರ ಆಶ್ರಮದಲ್ಲಿ ಒಬ್ಬ ಅಜ್ಜಿ ಊಟ ಬಿಟ್ಟು ಸೊರಗುತ್ತಿದ್ದರಂತೆ. ಔಷಧಿ ಬದಲಾಯಿಸಿದರೂ ಗುಣ ಕಾಣಲಿಲ್ಲ. ಕೊನೆಗೆ ಅಜ್ಜಿಯ ಕುರ್ಚಿಯನ್ನು ಗೋಡೆಯ ಕಡೆಯಿಂದ ತೆಗೆದು, ಮಾತಿನ ಮಲ್ಲಿಯರಂಥ ಇನ್ನಿಬ್ಬರು ಅಜ್ಜಿಯರ ನಡುವೆ ಹಾಕಿದರು. ವಾರದೊಳಗೆ ಆಕೆ ತಟ್ಟೆ ಖಾಲಿ ಮಾಡತೊಡಗಿದರು. ಅಡುಗೆ ಅದೇ, ಅಡುಗೆಯವನೂ ಅದೇ.

ನಮಗೆ ಬಗೆತ್ ಬೇಕಿಲ್ಲ, ಚೀಸ್ ಬೇಕಿಲ್ಲ. ಮುದ್ದೆಯೂ ಸೊಪ್ಪಿನ ಸಾರೂ ಸಾಕು. ವಾರಕ್ಕೆ ಒಂದು ಹೊತ್ತು, ಭಾನುವಾರವೇ ಆಗಲಿ, ಟಿವಿ ಆರಿಸಿ, ಮೊಬೈಲ್‌ಗಳನ್ನು ಒಂದು ಬುಟ್ಟಿಗೆ ಹಾಕಿ ಎಲ್ಲರೂ ಒಟ್ಟಿಗೆ ಕೂರೋಣ. ಅಮ್ಮನೂ ಕೂರಲಿ; ಬಡಿಸುವ ಸರದಿ ಮಕ್ಕಳದಾಗಲಿ. ಒಂದು ತಟ್ಟೆ ಹೆಚ್ಚಿಗೆ ಇಡೋಣ. ಆ ತಟ್ಟೆಗೆ ಯಾರನ್ನು ಕರೆಯಬೇಕೆಂದು ಮನೆಯ ಚಿಕ್ಕ ಮಗುವನ್ನೇ ಕೇಳೋಣ. ನಾವು ಮರೆತ ಹೆಸರು ಅದಕ್ಕೆ ನೆನಪಿರುತ್ತದೆ.

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ, ಫ್ರೆಂಚರು ಊಟಕ್ಕೆ ಮೊದಲು ಒಬ್ಬರಿಗೊಬ್ಬರು ಹೇಳಿಕೊಳ್ಳುವಂತೆ, ನಿಮಗೆಲ್ಲ 'ಬೊನಪೆತಿ', ಚೆನ್ನಾಗಿ ಹಸಿವಾಗಲಿ!